ಉಸಿರೋ ಹೃದಯವೋ: ಹೈದರಾಬಾದಿನ ಕ್ಲೋರೋಫಾರಂ ವಾದದಿಂದ ನಾಂಪಲ್ಲಿಯ ಸಾವಿನ ಲೆಕ್ಕದವರೆಗೆ

ಕ್ಲೋರೋಫಾರಂ ಕೊಟ್ಟ ರೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸತ್ತರೆ ಅವನಲ್ಲಿ ಮೊದಲು ನಿಂತದ್ದು ಉಸಿರೋ ಹೃದಯವೋ? ಹತ್ತೊಂಬತ್ತನೆಯ ಶತಮಾನದ ವೈದ್ಯರನ್ನು ಐದಾರು ದಶಕ ಕಾಡಿದ ಪ್ರಶ್ನೆ ಇದು. ಇದನ್ನು ಬಗೆಹರಿಸಲು 1888 ಮತ್ತು 1889ರಲ್ಲಿ ನಿಜಾಮರ ಹೈದರಾಬಾದಿನಲ್ಲಿ ಒಂದರ ಹಿಂದೊಂದು ಎರಡು ಆಯೋಗಗಳು ಕೆಲಸ ಮಾಡಿದವು. ವೈದ್ಯಕೀಯ ಚರಿತ್ರೆಯಲ್ಲಿ ಇವಕ್ಕೆ ಹೈದರಾಬಾದ್ ಕ್ಲೋರೋಫಾರಂ ಆಯೋಗಗಳೆಂದು ಹೆಸರು. ಹೃದಯ ಯಾವ ಕಾರಣಕ್ಕೆ ನಿಲ್ಲುತ್ತದೆ, ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಪ್ರಯೋಗ ಮಾಡಿಯೇ ತಿಳಿಯಬೇಕೆಂದು ಭಾರತದ ನೆಲದಲ್ಲಿ ನಡೆದ ಮೊದಮೊದಲ ದೊಡ್ಡ ಯತ್ನಗಳಲ್ಲಿ ಅವು ಸೇರುತ್ತವೆ. ಆಯೋಗಗಳ ತೀರ್ಮಾನ ತಪ್ಪಾಗಿತ್ತು. ಆ ತಪ್ಪು ಎಲ್ಲಿ ಹುಟ್ಟಿತು, ಯಾವ ದಾರಿಯಿಂದ ತಿದ್ದಿಕೊಂಡಿತು ಎಂಬ ಕಥೆ ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜಿನಲ್ಲಿ ತೊಡಗಿ, ನೂರು ವರ್ಷಗಳ ಬಳಿಕ ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ನಾಂಪಲ್ಲಿಗೆ ಬರುತ್ತದೆ.

ವಾದದ ಹುಟ್ಟು

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಯ ಎಚ್ಚರ ತಪ್ಪಿಸಿದ. ಮರುವರ್ಷದ ನವೆಂಬರ್‌ನಲ್ಲಿ ಎಡಿನ್‌ಬರೋದ ಹೆರಿಗೆ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಮನ್ನು ಬಳಕೆಗೆ ತಂದ. ಈಥರಿನ ವಾಸನೆ ಗಂಟಲು ಕೆರೆಯುತ್ತಿತ್ತು, ಬೆಂಕಿಗೆ ಹತ್ತಿಕೊಳ್ಳುವ ಭಯವೂ ಇತ್ತು. ಕ್ಲೋರೋಫಾರಮಿಗೆ ಸಿಹಿ ಕಂಪು. ಒಂದು ಕರವಸ್ತ್ರದ ಮೇಲೆ ಕೆಲವು ಹನಿ ಹಾಕಿ ಮೂಗಿಗೆ ಹಿಡಿದರೆ ಸಾಕಿತ್ತು. ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ ಅದು ಕೆಲವೇ ತಿಂಗಳಲ್ಲಿ ಹರಡಿತು.

ಎರಡೇ ತಿಂಗಳಲ್ಲಿ ಮೊದಲ ಸಾವೂ ಆಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲಟನ್ ಎಂಬ ಊರಿನಲ್ಲಿ, ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕೂತಿದ್ದ 15 ವರ್ಷದ ಹ್ಯಾನಾ ಗ್ರೀನರ್ ಕ್ಲೋರೋಫಾರಂ ಎಳೆದುಕೊಂಡ ಕೆಲವೇ ಕ್ಷಣಗಳಲ್ಲಿ ಪ್ರಾಣ ಬಿಟ್ಟಳು. ಹುಡುಗಿಗೆ ಹೇಳಿಕೊಳ್ಳುವಂಥ ಕಾಯಿಲೆ ಇರಲಿಲ್ಲ, ಆಗಬೇಕಿದ್ದ ಕೆಲಸವೂ ಚಿಕ್ಕದು. ಮುಂದಿನ ವರ್ಷಗಳಲ್ಲಿ ಇಂಥ ಸಾವುಗಳು ಬಿಡಿಬಿಡಿಯಾಗಿ ವರದಿಯಾಗುತ್ತ ಹೋದವು. ಅವುಗಳಲ್ಲಿ ಹಲವಕ್ಕೆ ಒಂದು ಚಹರೆ ಇತ್ತು. ಸತ್ತವರು ಗಟ್ಟಿಮುಟ್ಟಾದ ಆಳುಗಳು, ಶಸ್ತ್ರಚಿಕಿತ್ಸೆ ಸಣ್ಣದು, ಸಾವು ಬಂದದ್ದು ಮದ್ದು ಪೂರ್ತಿ ಏರುವ ಮೊದಲೇ.

ಸಾವಿನ ಕಾರಣ ಹುಡುಕಿದವರು ಎರಡು ಬಣವಾದರು. ಲಂಡನ್ನಿನ ಜಾನ್ ಸ್ನೋ ಆವಿಯ ಪ್ರಮಾಣ ಅಳೆಯುವ ಸಲಕರಣೆ ಮಾಡಿದವನು, ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದವನೂ ಅವನೇ. ವರದಿಯಾದ ಸಾವುಗಳನ್ನು ಒಂದೊಂದಾಗಿ ಕಲೆಹಾಕಿ ಅವನು 50 ಪ್ರಕರಣಗಳನ್ನು ಪರಿಶೀಲಿಸಿದ. ಗಾಳಿಯಲ್ಲಿ ಆವಿ ಗಾಢವಾಗಿದ್ದರೆ ಕ್ಲೋರೋಫಾರಂ ನೇರವಾಗಿ ಹೃದಯವನ್ನೇ ಹಿಡಿದು ನಿಲ್ಲಿಸುತ್ತದೆ ಎಂಬುದು ಅವನ ತೀರ್ಮಾನ. ಅವನ ಪುಸ್ತಕ ಬೆಳಕು ಕಂಡದ್ದು ಅವನು ತೀರಿಕೊಂಡ 1858ರಲ್ಲೇ. ಲಂಡನ್ನಿನ ಪದ್ಧತಿ ಈ ಚಿಂತನೆಯ ಮೇಲೆ ನಿಂತಿತು: ಅಳತೆಯ ಸಲಕರಣೆ ಬಳಸಬೇಕು, ರೋಗಿಯ ನಾಡಿಯ ಮೇಲಿನ ಬೆರಳು ತೆಗೆಯಬಾರದು.

ಎಡಿನ್‌ಬರೋದಲ್ಲಿ ಮಾತೇ ಬೇರೆ. ಅಲ್ಲಿನ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಪಾಠ ಸರಳವಾಗಿತ್ತು: ನಾಡಿ ಹಿಡಿಯಬೇಡಿ, ಉಸಿರು ನೋಡಿ. ಕ್ಲೋರೋಫಾರಂ ಮೊದಲು ಉಸಿರಾಟವನ್ನು ಕುಂದಿಸುತ್ತದೆ, ಉಸಿರು ಕಟ್ಟಿದ ಮೇಲೆ ಹೃದಯ ನಿಲ್ಲುತ್ತದೆ, ಉಸಿರು ಕಾಯ್ದುಕೊಂಡರೆ ಹೃದಯದ ಚಿಂತೆ ಬೇಕಿಲ್ಲ ಎಂಬುದು ಅವನ ನಂಬಿಕೆ. ಬಟ್ಟೆಯ ಮೇಲೆ ಧಾರಾಳವಾಗಿ ಮದ್ದು ಸುರಿದು, ಎದೆ ಏರಿಳಿಯುವುದನ್ನೇ ಕಾಯುವುದು ಸ್ಕಾಟ್ಲೆಂಡಿನ ರೂಢಿಯಾಯಿತು. 1880ರ ವೇಳೆಗೆ ಗ್ಲ್ಯಾಸ್ಗೋದ ಒಂದು ಸಮಿತಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರಂ ರಕ್ತದೊತ್ತಡವನ್ನು ಇಳಿಸುತ್ತದೆ, ಕೆಲವೊಮ್ಮೆ ಉಸಿರಿಗಿಂತ ಮೊದಲೇ ಹೃದಯ ನಿಲ್ಲುತ್ತದೆ ಎಂದು ಹೇಳಿತು. ಸೈಮ್‌ನ ಶಿಷ್ಯರು ಇದನ್ನು ಒಪ್ಪಲಿಲ್ಲ. ಹಾಗೆ ಒಪ್ಪದವರಲ್ಲಿ ಒಬ್ಬ ಹೈದರಾಬಾದಿಗೆ ಬಂದ.

ಲಾರಿಯ ಹೈದರಾಬಾದು

ಆತನ ಹೆಸರು ಎಡ್ವರ್ಡ್ ಲಾರಿ. ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ, ಲಾಹೋರಿನಲ್ಲಿ ಇದ್ದವನು. 1885ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ವೈದ್ಯನಾಗಿ ಬಂದು, ಅಲ್ಲಿನ ವೈದ್ಯಶಾಲೆಯ ಹೊಣೆಯನ್ನೂ ಹೊತ್ತ. ಈ ಶಾಲೆ 1846ರಲ್ಲಿ ನಾಲ್ಕನೆಯ ನಿಜಾಮ ನಾಸಿರುದ್ದೌಲನ ಆಳ್ವಿಕೆಯಲ್ಲಿ, ರೆಸಿಡೆನ್ಸಿಯ ಅಂದಿನ ವೈದ್ಯ ವಿಲಿಯಂ ಕ್ಯಾಂಬೆಲ್ ಮೆಕ್ಲೀನ್‌ನ ಮುತುವರ್ಜಿಯಿಂದ ಹುಟ್ಟಿದ್ದು. ಪಾಶ್ಚಾತ್ಯ ವೈದ್ಯವನ್ನು ಉರ್ದುವಿನಲ್ಲಿ ಕಲಿಸಿ, ಓದು ಮುಗಿಸಿದವರಿಗೆ ಹಕೀಮ್ ಎಂಬ ಪದವಿ ಕೊಡುತ್ತಿದ್ದುದು ಇದರ ವೈಶಿಷ್ಟ್ಯ. ಲಾರಿಯ ಕಾಲಕ್ಕೆ ಪಾಠ ಇಂಗ್ಲಿಷಿಗೆ ತಿರುಗಿತು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಇಂದಿನ ಬೀದರ್, ಕಲಬುರಗಿ, ರಾಯಚೂರು ಸೀಮೆಯೆಲ್ಲ ಆಗ ಇದೇ ನಿಜಾಮರ ರಾಜ್ಯದ ಭಾಗ. ಕನ್ನಡ ಜಿಲ್ಲೆಗಳ ಪಾಲಿಗೆ ದೊಡ್ಡಾಸ್ಪತ್ರೆ ಎಂದರೆ ರಾಜಧಾನಿಯ ಅಫ್ಜಲ್‌ಗಂಜ್ ಆಸ್ಪತ್ರೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ಆ ನಂಟು ಇನ್ನೂ ಬಿಗಿಯಾಯಿತು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಅಲ್ಲಿಯವರೆಗೂ ಈ ಸೀಮೆಯಲ್ಲಿ ವೈದ್ಯವಿದ್ಯೆಯ ದಾರಿ ಹೈದರಾಬಾದಿನತ್ತಲೇ ಹೋಗುತ್ತಿತ್ತು.

ಲಾರಿ ಸೈಮ್‌ನ ಕೈಯಲ್ಲಿ ಪಳಗಿದವನು. ಸಾವಿರಾರು ರೋಗಿಗಳಿಗೆ ಗುರುವಿನ ಪದ್ಧತಿಯಲ್ಲೇ ಕ್ಲೋರೋಫಾರಂ ಕೊಡಿಸಿದ್ದೇನೆ, ಹೃದಯ ನಿಂತು ಸತ್ತವರಿಲ್ಲ ಎಂಬುದು ಅವನ ಹೆಮ್ಮೆ. ಇದನ್ನು ಪ್ರಯೋಗದಿಂದ ತೋರಿಸಲು 1888ರಲ್ಲಿ ತನ್ನ ಸಹೋದ್ಯೋಗಿಗಳದೇ ಒಂದು ಆಯೋಗ ನೇಮಿಸಿದ. ಪ್ಯಾಟ್ರಿಕ್ ಹೆಹಿರ್ ಅದರ ಮುಂದಾಳು. ನಗರದ ನೂರಕ್ಕೂ ಹೆಚ್ಚು ಬೀದಿನಾಯಿಗಳಿಗೆ ಸಾಯುವವರೆಗೂ ಕ್ಲೋರೋಫಾರಂ ಕೊಟ್ಟು ನೋಡಲಾಯಿತು. ಎಲ್ಲದರಲ್ಲೂ ಮೊದಲು ನಿಂತದ್ದು ಉಸಿರು, ಆಮೇಲೆ ಹೃದಯ ಎಂಬ ವರದಿ ಬಂತು. ಶಾಲೆಯ ಬಹುಮಾನ ವಿತರಣೆಯ ಸಭೆಯಲ್ಲಿ ಲಾರಿ ಇದನ್ನು ಸಾರಿಹೇಳಿದ.

ಲಂಡನ್ನಿನ ವೈದ್ಯಪತ್ರಿಕೆ ಲ್ಯಾನ್ಸೆಟ್ ಇದನ್ನು ಒಪ್ಪಲಿಲ್ಲ. ಎಲ್ಲೋ ದೂರದ ಸಂಸ್ಥಾನವೊಂದರಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಿಂದ, ಮನುಷ್ಯರಲ್ಲಿ ಕಂಡ ಸಾವುಗಳನ್ನು ತಳ್ಳಿಹಾಕಬಹುದೇ ಎಂಬುದು ಅದರ ಆಕ್ಷೇಪ. ಲಾರಿ ಸವಾಲು ಹಾಕಿದ: ನಂಬಿಕೆ ಇಲ್ಲದಿದ್ದರೆ ನಿಮ್ಮವರನ್ನೇ ಕಳಿಸಿ, ಕಣ್ಣಾರೆ ಕಂಡು ಹೋಗಲಿ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್‌ನಿಗೆ ಆಗ 23ರ ವಯಸ್ಸು. ಅವನ ಸರ್ಕಾರ ಖರ್ಚಿಗೆಂದು 1000 ಪೌಂಡ್ ಮಂಜೂರು ಮಾಡಿತು. ವಿಜ್ಞಾನದ ಒಂದು ವ್ಯಾಜ್ಯ ತೀರಿಸಲು ಭಾರತದ ದೇಶೀ ಸಂಸ್ಥಾನವೊಂದು ಬ್ರಿಟನ್ನಿನ ಪತ್ರಿಕೆಗೆ ಹಣ ಕೊಟ್ಟು ತಜ್ಞನನ್ನು ಕರೆಸಿಕೊಂಡದ್ದು ಆ ಕಾಲಕ್ಕೆ ಅಪರೂಪದ ಸಂಗತಿ.

ಎರಡನೆಯ ಆಯೋಗ

ಲ್ಯಾನ್ಸೆಟ್ ಆರಿಸಿ ಕಳಿಸಿದ್ದು ಸಾಮಾನ್ಯ ವೈದ್ಯನನ್ನಲ್ಲ. ಥಾಮಸ್ ಲಾಡರ್ ಬ್ರಂಟನ್ ಹೃದಯದ ಔಷಧಿಗಳ ಬಗ್ಗೆ ಅಂದಿನ ದೊಡ್ಡ ಹೆಸರು. 1867ರಲ್ಲಿ, ಇನ್ನೂ ಎಡಿನ್‌ಬರೋ ಆಸ್ಪತ್ರೆಯ ಕಿರಿಯ ವೈದ್ಯನಾಗಿದ್ದಾಗ, ಎದೆ ಹಿಂಡುವ ಆಂಜೈನಾ ನೋವಿಗೆ ಅಮೈಲ್ ನೈಟ್ರೈಟ್ ಮೂಸಲು ಕೊಟ್ಟು ನಿಮಿಷದೊಳಗೆ ನೋವು ತಗ್ಗಿಸಿ ತೋರಿಸಿದವನು. ಆ ನೋವಿಗೆ ನಿಜವಾಗಿ ಫಲ ಕೊಟ್ಟ ಮೊದಲ ಮದ್ದು ಅದೇ. ಇಂದಿಗೂ ನಾಲಿಗೆ ಅಡಿಯಲ್ಲಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಅದೇ ವಂಶದ್ದು. ಕ್ಲೋರೋಫಾರಮಿನಿಂದ ಹೃದಯಕ್ಕೆ ಅಪಾಯವಿದೆ ಎಂಬುದು ಹೈದರಾಬಾದಿಗೆ ಹೊರಡುವಾಗ ಅವನ ಅಭಿಪ್ರಾಯವಾಗಿತ್ತು.

ಆಯೋಗದ ಅಧ್ಯಕ್ಷ ಲಾರಿ. ಬ್ರಂಟನ್ ಜೊತೆಗೆ ಜೆರಾಲ್ಡ್ ಬಾಮ್‌ಫರ್ಡ್ ಮತ್ತು ಹೈದರಾಬಾದಿನ ವೈದ್ಯ ರುಸ್ತಮ್‌ಜಿ ಹಕೀಮ್ ಸದಸ್ಯರು. 1889ರ ಅಕ್ಟೋಬರ್ 23ರಿಂದ ಡಿಸೆಂಬರ್ 18ರವರೆಗೆ ಕೆಲಸ ನಡೆಯಿತು. ಅದೇ ವರ್ಷ ಶಾಲೆಯಿಂದ ಹಕೀಮ್ ಪದವಿ ಪಡೆದ ಪಾರ್ಸಿ ಯುವತಿ ರೂಪಾಬಾಯಿ ಫರ್ದೂನ್‌ಜಿ ಈ ಪ್ರಯೋಗಗಳಲ್ಲಿ ಪಾಲ್ಗೊಂಡಳು. ಮುಂದೆ 1917ರವರೆಗೂ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಕೊಡುವ ಕೆಲಸ ಮಾಡಿದ ಆಕೆಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಗುರುತಿಸುವವರಿದ್ದಾರೆ.

ಪ್ರಯೋಗದ ಮುಖ್ಯ ಸಲಕರಣೆ ಕೈಮೋಗ್ರಾಫ್. ಮೇಜಿನ ಮೇಲೆ ಮಲಗಿಸಿ ಕಟ್ಟಿದ ಪ್ರಾಣಿಯ ಕತ್ತಿನ ಅಪಧಮನಿಗೆ ಒಂದು ನಳಿಕೆ ತೂರಿಸುತ್ತಾರೆ. ನಳಿಕೆಯ ಇನ್ನೊಂದು ತುದಿ ಒತ್ತಡ ಅಳೆಯುವ ಮಾಪಕಕ್ಕೆ ಸೇರುತ್ತದೆ. ಹೃದಯ ಒಮ್ಮೆ ಬಡಿದರೆ ಮಾಪಕ ಕುಲುಕುತ್ತದೆ, ಅದಕ್ಕೆ ಅಂಟಿಕೊಂಡ ಸಣ್ಣ ಕಡ್ಡಿಯೂ ಕುಲುಕುತ್ತದೆ. ಎದುರಿಗೆ ಒಂದು ಉರುಳೆ ನಿಧಾನವಾಗಿ ತಿರುಗುತ್ತಿರುತ್ತದೆ. ಅದರ ಸುತ್ತ ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿದ ಕಾಗದ. ಕಡ್ಡಿಯ ಮೊನೆ ಮಸಿಯನ್ನು ಕೆರೆದು ಬಿಳಿ ಗೆರೆ ಎಳೆಯುತ್ತ ಹೋಗುತ್ತದೆ: ಬಡಿತಕ್ಕೊಂದು ಹಲ್ಲು, ಉಸಿರಿಗೊಂದು ಅಲೆ. ಕ್ಲೋರೋಫಾರಂ ಏರಿದಂತೆ ಗೆರೆ ಕೆಳಗಿಳಿಯುತ್ತದೆ, ಅಲೆ ಅಳಿಯುತ್ತದೆ, ಕೊನೆಗೆ ಹಲ್ಲುಗಳೂ ಅಳಿದು ಸಪಾಟಾದ ಒಂದು ಎಳೆ ಉಳಿಯುತ್ತದೆ. ಅಲೆ ಮೊದಲು ಹೋಯಿತೋ ಹಲ್ಲು ಮೊದಲು ಹೋಯಿತೋ ಎಂಬುದೇ ಆಯೋಗ ಕೇಳಿದ ಪ್ರಶ್ನೆ. ಗೆರೆಗಳನ್ನೆಲ್ಲ ಫೋಟೋ ತೆಗೆದು ಇಡಲಾಯಿತು.

ನಾಯಿ, ಮಂಗ, ಕುದುರೆ, ಆಡು, ಬೆಕ್ಕು, ಮೊಲಗಳ ಮೇಲೆ ನಡೆದ ಪ್ರಯೋಗಗಳು ಹತ್ತಿರ ಹತ್ತಿರ 600. ಅವುಗಳಲ್ಲಿ 150ಕ್ಕೂ ಹೆಚ್ಚು ಪ್ರಯೋಗಗಳಲ್ಲಿ ರಕ್ತದೊತ್ತಡದ ಗೆರೆ ದಾಖಲಾಯಿತು. ಬರಿಯ ಕ್ಲೋರೋಫಾರಂ ಕೊಟ್ಟು ಆಯೋಗ ಸುಮ್ಮನಾಗಲಿಲ್ಲ. ಇಂದು ಅಪಾಯದ ಅಂಶಗಳು ಎನ್ನುವುದನ್ನು ಅದು ತನ್ನದೇ ರೀತಿಯಲ್ಲಿ ಹುಡುಕಿತು. ಕಾಯಿಲೆ ಬಿದ್ದ ಹೃದಯಕ್ಕೆ ಅಪಾಯ ಹೆಚ್ಚೇ ಎಂದು ತಿಳಿಯಲು ಕೆಲವು ಪ್ರಾಣಿಗಳಿಗೆ ದಿನಗಟ್ಟಲೆ ರಂಜಕ ತಿನ್ನಿಸಿ, ಹೃದಯದ ಸ್ನಾಯುವಿನಲ್ಲಿ ಕೊಬ್ಬು ತುಂಬುವಂತೆ ಮಾಡಿ, ಅನಂತರ ಕ್ಲೋರೋಫಾರಂ ಕೊಟ್ಟಿತು. ನೋವಿನ ಆಘಾತಕ್ಕೆ ಹೃದಯ ನಿಲ್ಲುವುದೇ ಎಂದು ತಿಳಿಯಲು ಅರೆ ಎಚ್ಚರದಲ್ಲೇ ಹಲ್ಲು ಕಿತ್ತು ನೋಡಿತು. ಹೃದಯದ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಕೆಣಕಿತು. ಮಾರ್ಫಿನ್, ಅಟ್ರೋಪಿನ್ ಸೇರಿದಂತೆ ಬೇರೆ ಮದ್ದುಗಳ ಜೊತೆ ಬೆರೆಸಿ ಕೊಟ್ಟಿತು. ಯಾವುದರಲ್ಲೂ ಹೃದಯ ಮೊದಲು ನಿಲ್ಲಲಿಲ್ಲ.

ಬ್ರಂಟನ್ ಮನಸ್ಸು ಬದಲಾಯಿಸಿದ. ಅಪಾಯವಿರುವುದು ಉಸಿರು ಕಟ್ಟುವುದರಲ್ಲಿ ಇಲ್ಲವೇ ಮದ್ದು ಮಿತಿಮೀರುವುದರಲ್ಲಿ, ಹೃದಯಕ್ಕೆ ನೇರ ಅಪಾಯ ಕೊಂಚವೂ ಇಲ್ಲ ಎಂದು ಹೈದರಾಬಾದಿನಿಂದಲೇ ಲಂಡನ್ನಿಗೆ ತಂತಿ ಹೊಡೆದ. 1890ರಲ್ಲಿ ಲ್ಯಾನ್ಸೆಟ್ ಪೂರ್ಣ ವರದಿಯನ್ನು ಕಂತುಕಂತಾಗಿ ಅಚ್ಚು ಮಾಡಿತು. ರೋಗಿಯನ್ನು ಅಂಗಾತ ಮಲಗಿಸಿ, ಕತ್ತು, ಎದೆ, ಹೊಟ್ಟೆಯ ಬಟ್ಟೆ ಸಡಿಲಿಸಿ, ಉಸಿರಾಟದ ಏರಿಳಿತ ಒಂದನ್ನೇ ನೋಡುತ್ತಿರಬೇಕು ಎಂಬುದು ವೈದ್ಯರಿಗೆ ಅದು ಕೊಟ್ಟ ಸೂಚನೆಗಳ ತಿರುಳು. ರಕ್ತದೊತ್ತಡದ ಇಳಿಕೆಯನ್ನು ಅದು ಅಪಾಯವೆಂದು ಎಣಿಸಲೇ ಇಲ್ಲ. ಮದ್ದು ಮೆದುಳಿಗೆ ಬೇಗ ತಲುಪದಂತೆ ದೇಹ ಮಾಡಿಕೊಂಡ ರಕ್ಷಣೆ ಎಂದೇ ಬಗೆಯಿತು.

ತಪ್ಪಿದ್ದೆಲ್ಲಿ

ವರದಿ ಬಂದ ಮೇಲೂ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಸಾವುಗಳು ನಿಲ್ಲಲಿಲ್ಲ. 1893ರಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಒಂದು ಜಾಣ ಪ್ರಯೋಗ ಪ್ರಕಟಿಸಿದರು. ಒಂದು ಪ್ರಾಣಿಯ ಮೆದುಳಿಗೆ ಇನ್ನೊಂದು ಪ್ರಾಣಿಯ ರಕ್ತ ಹರಿಯುವಂತೆ ನಾಳಗಳನ್ನು ಜೋಡಿಸಿದರು. ಹೀಗೆ ಮಾಡಿದರೆ ಕ್ಲೋರೋಫಾರಮನ್ನು ಮೆದುಳಿಗೆ ಮಾತ್ರ ಅಥವಾ ಹೃದಯಕ್ಕೆ ಮಾತ್ರ ಉಣಿಸಬಹುದಿತ್ತು. ಮೆದುಳಿಗೆ ಹೋದಾಗ ರಕ್ತದೊತ್ತಡ ಕುಸಿಯಲಿಲ್ಲ, ಹೃದಯಕ್ಕೆ ಹೋದಾಗ ಕುಸಿಯಿತು. ಮದ್ದು ಹೃದಯದ ಸ್ನಾಯುವನ್ನೇ ದುರ್ಬಲಗೊಳಿಸುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿ. ಹೈದರಾಬಾದು ರಕ್ಷಣೆ ಎಂದು ಓದಿದ್ದ ಗೆರೆಯ ಇಳಿಜಾರು ಹೃದಯ ಸೋಲುತ್ತಿರುವ ಗುರುತಾಗಿತ್ತು.

ಹ್ಯಾನಾ ಗ್ರೀನರ್‌ಳಂಥ ದಿಢೀರ್ ಸಾವುಗಳ ಗುಟ್ಟು ಬಿಡಿಸಿಕೊಳ್ಳಲು 1911 ಬರಬೇಕಾಯಿತು. ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ಕ್ಲೋರೋಫಾರಮನ್ನು ಹಗುರವಾಗಿ ಕೊಟ್ಟು, ಮೇಲೆ ಸ್ವಲ್ಪ ಅಡ್ರಿನಲಿನ್ ಚುಚ್ಚಿದ. ಹೃದಯದ ಕೆಳಕೋಣೆಗಳು ತಾಳ ತಪ್ಪಿ ಹುಳುಗಳ ಗೊಂಚಲಿನಂತೆ ಅದುರಿ, ರಕ್ತ ದೂಡುವುದನ್ನು ನಿಲ್ಲಿಸಿದವು. ಇಂದು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎಂದು ಎಲ್ಲ ಹೃದ್ರೋಗ ಘಟಕಗಳಲ್ಲೂ ಕರೆಯುವ ಸ್ಥಿತಿ ಅದು. ಗಾಬರಿಯಾದ ಮನುಷ್ಯನ ಮೈಯಲ್ಲಿ ಅಡ್ರಿನಲಿನ್ ತಾನಾಗಿಯೇ ಉಕ್ಕುತ್ತದೆ. ಚಿಕ್ಕ ಶಸ್ತ್ರಚಿಕಿತ್ಸೆ, ಗಟ್ಟಿಮುಟ್ಟು ರೋಗಿ, ಮದ್ದು ಪೂರ್ತಿ ಏರುವ ಮುನ್ನವೇ ಸಾವು ಎಂಬ ಹಳೆಯ ಚಹರೆಗೆ ಈಗ ಅರ್ಥ ಸಿಕ್ಕಿತು. ಹೆದರಿಕೊಂಡು ಮೇಜು ಹತ್ತಿದವರ ಹೃದಯವೇ ಹಾಗೆ ನಿಲ್ಲುತ್ತಿತ್ತು.

ಹೈದರಾಬಾದಿನ ಆಯೋಗದಲ್ಲಿ ಸೋಮಾರಿತನವಾಗಲಿ ಮೋಸವಾಗಲಿ ಇರಲಿಲ್ಲ. ಸದಸ್ಯರು ಕಂಡದ್ದನ್ನೇ ಬರೆದರು. ತೊಡಕಿದ್ದದ್ದು ಎಣಿಕೆಯಲ್ಲಿ. ಕ್ಲೋರೋಫಾರಮಿನಿಂದ ಮೂರು ಸಾವಿರ ಮಂದಿಯಲ್ಲಿ ಒಬ್ಬ ಹೀಗೆ ದಿಢೀರನೆ ಸಾಯುತ್ತಾನೆ ಎಂದು ಇಟ್ಟುಕೊಳ್ಳೋಣ. ಪ್ರಾಣಿಗಳಲ್ಲೂ ಅದೇ ಪ್ರಮಾಣ ಎಂದುಕೊಂಡರೆ, 600 ಪ್ರಯೋಗ ಮಾಡಿದವರಿಗೆ ಅಂಥದ್ದು ಒಂದೂ ಕಾಣದಿರುವ ಸಾಧ್ಯತೆ ನೂರಕ್ಕೆ ಸುಮಾರು 80. ಒಂದು ಅಪಾಯ ಮೂರು ಸಾವಿರಕ್ಕೊಂದಕ್ಕಿಂತ ಕಡಿಮೆ ಎಂದು ಧೈರ್ಯವಾಗಿ ಹೇಳಬೇಕಾದರೆ ಸಾವಿಲ್ಲದ ಒಂಬತ್ತು ಸಾವಿರ ಪ್ರಕರಣಗಳಾದರೂ ಕೈಯಲ್ಲಿರಬೇಕು. ಅಪರೂಪದ ಸಾವನ್ನು ಪ್ರಯೋಗದ ಮೇಜಿನ ಮೇಲೆ ಕಾಯುತ್ತ ಕೂತರೆ ಅದು ಬರುವುದಿಲ್ಲ. ಸತ್ತವರು ಎಲ್ಲಿದ್ದಾರೋ ಅಲ್ಲಿಗೆ ಹೋಗಿ ಹುಡುಕಬೇಕು. ಮೂವತ್ತು ವರ್ಷ ಮೊದಲೇ ಸ್ನೋ ಮಾಡಿದ್ದು ಅದನ್ನೇ: 50 ಸಾವುಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದರಲ್ಲೂ ಏನು ನಡೆಯಿತೆಂದು ಓದಿದ್ದ. ಎಲ್ಲ ಸಲಕರಣೆಗಳಿದ್ದ ಹೈದರಾಬಾದಿಗಿಂತ ಅವನ ಪಟ್ಟಿ ನಿಜಕ್ಕೆ ಹತ್ತಿರವಿತ್ತು.

ಬ್ರಿಟಿಷ್ ವೈದ್ಯರ ಸಂಘವೂ ಕೊನೆಗೆ ಆ ದಾರಿ ಹಿಡಿಯಿತು. 1891ರಿಂದ ಆಸ್ಪತ್ರೆಗಳಿಗೆ ನಮೂನೆ ಕಳಿಸಿ 25,000ಕ್ಕೂ ಹೆಚ್ಚು ಅರಿವಳಿಕೆ ಪ್ರಕರಣಗಳ ವಿವರ ತರಿಸಿಕೊಂಡಿತು. ಈಥರಿಗಿಂತ ಕ್ಲೋರೋಫಾರಂ ಹೆಚ್ಚು ಅಪಾಯಕಾರಿ ಎಂದು ಆ ರಾಶಿ ಹೇಳಿತು. ಲಾರಿ ಕೊನೆಯವರೆಗೂ ತನ್ನ ಮಾತು ಬಿಡಲಿಲ್ಲ. 1915ರಲ್ಲಿ ತೀರಿಕೊಂಡ. ಆಯೋಗದಿಂದ ಉಳಿದ ಒಳ್ಳೆಯ ಪಾಠವೂ ಒಂದಿದೆ: ಅರಿವಳಿಕೆ ಕೊಡುವವನ ಕಣ್ಣು ರೋಗಿಯ ಉಸಿರಿನ ಮೇಲೆ ನೆಟ್ಟಿರಬೇಕು. ನಾಡಿಯ ಮೇಲಿನ ಬೆರಳು ತೆಗೆಯಿರಿ ಎಂದದ್ದು ಮಾತ್ರ ಅಳಿಸಿಹೋಯಿತು. ಇಂದಿನ ಶಸ್ತ್ರಚಿಕಿತ್ಸಾ ಕೋಣೆಯ ಮಾನಿಟರಿನಲ್ಲಿ ಎರಡೂ ಗೆರೆಗಳು ಒಂದರ ಕೆಳಗೊಂದು ಓಡುತ್ತವೆ.

ಹೊಳೆ ಉಕ್ಕಿದ ಮೇಲೆ

ಲಾರಿಯ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ ಹಾಳಾಯಿತು. ಆವರಣದ ಹುಣಸೆ ಮರವೊಂದನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ. ಅದೇ ಜಾಗದಲ್ಲಿ ಏಳನೆಯ ನಿಜಾಮನ ಕಾಲಕ್ಕೆ, ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ವೈದ್ಯಶಾಲೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಯಿತು.

ನಗರ ಉತ್ತರಕ್ಕೂ ಪಶ್ಚಿಮಕ್ಕೂ ಬೆಳೆದಂತೆ ನಾಂಪಲ್ಲಿ ಹೊಸ ನಡುಭಾಗವಾಯಿತು. ಕುತುಬ್‌ಶಾಹಿಗಳ ಅಧಿಕಾರಿ ನೇಕ್‌ನಾಮ್ ಖಾನ್‌ನ ಹೆಸರಿನ ಹಳ್ಳಿಯೇ ಸವೆದು ನಾಂಪಲ್ಲಿಯಾಯಿತು ಎನ್ನುತ್ತಾರೆ. ಯೂಸುಫೈನ್ ದರ್ಗಾ, ಬಾಗ್-ಎ-ಆಮ್ ಉದ್ಯಾನ, 1907ರಲ್ಲಿ ಕಟ್ಟಿದ ರೈಲು ನಿಲ್ದಾಣ, ವರ್ಷಕ್ಕೊಮ್ಮೆ ಜನವರಿಯಲ್ಲಿ ನುಮಾಯಿಶ್ ಎಂಬ ವಸ್ತುಪ್ರದರ್ಶನ ನೆರೆಯುವ ಬಯಲು ಇವು ಅದರ ಗುರುತು. ಆಸ್ಪತ್ರೆಗಳೂ ಅಲ್ಲಿ ಬೇರೂರಿದವು. ನಿಜಾಮರ ಮನೆತನದ ರಾಜಕುಮಾರಿ ನೀಲೂಫರ್ ತನ್ನ ಸೇವಕಿ ಹೆರಿಗೆಯಲ್ಲಿ ಸತ್ತದ್ದನ್ನು ಕಂಡು ನೊಂದು ಕಟ್ಟಿಸಿದ ತಾಯಿ ಮಕ್ಕಳ ಆಸ್ಪತ್ರೆ 1953ರಲ್ಲಿ ಪಕ್ಕದ ರೆಡ್ ಹಿಲ್ಸ್‌ನಲ್ಲಿ ತೆರೆಯಿತು. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ, ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೆ ತೋರಿಸುವ ರೂಢಿ ಅಳಿಯಲಿಲ್ಲ. ಬೀದರಿನ ಕಡೆಯಿಂದ ಎದೆಯ ಎಕ್ಸ್‌ರೇ, ಇಸಿಜಿ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಾಂಪಲ್ಲಿ ನಿಲ್ದಾಣದಲ್ಲಿ ಇಳಿಯುವವರು ಈಗಲೂ ಇದ್ದಾರೆ.

ಅಷ್ಟರಲ್ಲಿ ಹೃದ್ರೋಗದ ಅಧ್ಯಯನದ ರೀತಿ ಬದಲಾಗಿತ್ತು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಶುರುವಾಯಿತು. ಯಾರಿಗೆ ಹೃದಯಾಘಾತವಾಯಿತು, ಅದಕ್ಕೆ ಮುಂಚೆ ಅವರ ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟಿನ ಚಟ ಹೇಗಿತ್ತು ಎಂದು ಹೋಲಿಸಲಾಯಿತು. ಅಪಾಯದ ಅಂಶ ಎಂಬ ಮಾತು 1961ರ ನಂತರ ವೈದ್ಯರ ನಿತ್ಯದ ನುಡಿಗಟ್ಟಾದದ್ದು ಆ ಅಧ್ಯಯನದ ಫಲ.

ನಾಂಪಲ್ಲಿಯಲ್ಲಿ ಈ ಮಾದರಿಯ ಕೆಲಸಕ್ಕೆ ನೆಲೆ ಸಿಕ್ಕಿದ್ದು 1997ರಲ್ಲಿ. ಹೃದ್ರೋಗ ತಜ್ಞ ಬಿ. ಸೋಮರಾಜು ಮತ್ತು ಸಂಗಡಿಗರು ಎಕ್ಸಿಬಿಷನ್ ರಸ್ತೆಯಲ್ಲಿ ಕೇರ್ ಎಂಬ ಹೃದ್ರೋಗ ಆಸ್ಪತ್ರೆ ತೆರೆದರು. ಸೋಮರಾಜು ಅದೇ ದಶಕದಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಜೊತೆಗೂಡಿ ಕಲಾಂ–ರಾಜು ಸ್ಟೆಂಟ್ ರೂಪಿಸಿದ್ದರು. ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಆ ಲೋಹದ ಜಾಲರಿಯ ಹಿಂದೆ ಹೈದರಾಬಾದಿನ ರಕ್ಷಣಾ ಪ್ರಯೋಗಾಲಯಗಳ ಲೋಹವಿದ್ಯೆ ಇತ್ತು. ಆಮದು ಸ್ಟೆಂಟಿಗಿಂತ ಅದು ಬಹಳ ಅಗ್ಗ. ಆಸ್ಪತ್ರೆಯ ಜೊತೆಗೇ ಬೆಳೆದ ಕೇರ್ ಫೌಂಡೇಷನ್ ಸಂಶೋಧನೆಯನ್ನು ಆಸ್ಪತ್ರೆಯ ಗೋಡೆಯಾಚೆಗೆ ಒಯ್ದಿತು.

ಹಳ್ಳಿಯ ಸಾವಿನ ಲೆಕ್ಕ

ಹೃದಯಾಘಾತ ಪಟ್ಟಣದ ಸಿರಿವಂತರ ಕಾಯಿಲೆ ಎಂಬುದು ಬಹುಕಾಲದ ನಂಬಿಕೆ. ಆಸ್ಪತ್ರೆಯ ಕಡತ ನೋಡಿದರೆ ಹಾಗೆಯೇ ತೋರುತ್ತಿತ್ತು, ಏಕೆಂದರೆ ಆಸ್ಪತ್ರೆ ಮುಟ್ಟುತ್ತಿದ್ದವರೇ ಅವರು. ಹಳ್ಳಿಯಲ್ಲಿ ಎದೆನೋವೆಂದು ಮಲಗಿ ಬೆಳಗಾಗುವುದರೊಳಗೆ ಸತ್ತವನು ಯಾವ ಕಡತಕ್ಕೂ ಬರುತ್ತಿರಲಿಲ್ಲ. ಕೇರ್ ಫೌಂಡೇಷನ್, ಬೈರ‍್ರಾಜು ಫೌಂಡೇಷನ್, ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟ್, ದೆಹಲಿಯ ದೀರ್ಘಕಾಲಿಕ ಕಾಯಿಲೆಗಳ ಕೇಂದ್ರ ಸೇರಿ ನಡೆಸಿದ ಆಂಧ್ರಪ್ರದೇಶ ಗ್ರಾಮೀಣ ಆರೋಗ್ಯ ಯೋಜನೆ 2003–04ರಲ್ಲಿ ಈ ಕಡತವಿಲ್ಲದವರನ್ನು ಹುಡುಕಿತು.

ಪೂರ್ವ ಮತ್ತು ಪಶ್ಚಿಮ ಗೋದಾವರಿ ಜಿಲ್ಲೆಗಳ 45 ಹಳ್ಳಿಗಳು, ಜನಸಂಖ್ಯೆ 1,80,162. ಸಾವಾದ ಮನೆಗೆ ತರಬೇತಾದ ಆರೋಗ್ಯ ಕಾರ್ಯಕರ್ತರು ಹೋಗಿ ಕೂರುತ್ತಿದ್ದರು. ಕೊನೆಯ ದಿನಗಳಲ್ಲಿ ಏನಾಗಿತ್ತು, ಎದೆ ನೋವಿತ್ತೇ, ನೋವು ಕೈಗೆ ಇಳಿಯಿತೇ, ಎಷ್ಟು ಹೊತ್ತು ಇತ್ತು, ಒಂದು ಪಕ್ಕ ಬಿದ್ದುಹೋಯಿತೇ, ಕಾಲು ಊದಿತ್ತೇ, ಮೊದಲು ಯಾವ ಕಾಯಿಲೆ ಇತ್ತು ಎಂದು ಮನೆಯವರನ್ನು ಒಂದೊಂದಾಗಿ ಕೇಳಿ ನಮೂನೆ ತುಂಬುತ್ತಿದ್ದರು. ಅದನ್ನು ಓದಿ ಸಾವಿನ ಕಾರಣ ನಿರ್ಧರಿಸುವುದು ವೈದ್ಯರ ಕೆಲಸ. ಶವ ಕೊಯ್ಯದೆ ಮಾತಿನಿಂದಲೇ ಮಾಡುವ ಮರಣೋತ್ತರ ಪರೀಕ್ಷೆ ಇದು.

ಒಂದು ವರ್ಷದಲ್ಲಿ 1,354 ಸಾವುಗಳು ದಾಖಲಾದವು. ಅವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ. 32. ಅಪಘಾತ, ಆತ್ಮಹತ್ಯೆಯಂಥ ಹೊರ ಕಾರಣಗಳದು ಶೇ. 13, ಸೋಂಕುರೋಗಗಳದು ಶೇ. 12. ಹಳ್ಳಿಯಲ್ಲಿ ಜನ ಸಾಯುವುದು ಸೋಂಕಿನಿಂದ ಎಂದುಕೊಂಡಿದ್ದ ಕಡೆ ಹೃದಯ ಮತ್ತು ಪಾರ್ಶ್ವವಾಯು ಮುಂದೆ ನಿಂತಿದ್ದವು. 2006ರಲ್ಲಿ ಈ ಅಂಕಿಗಳು ಪ್ರಕಟವಾದವು.

ಆಸ್ಪತ್ರೆ ಮುಟ್ಟಿದವರ ಗತಿ ಏನಾಯಿತು ಎಂಬ ಇನ್ನರ್ಧ ಲೆಕ್ಕ ಬೆಂಗಳೂರಿನಿಂದ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ಕ್ರಿಯೇಟ್ ಎಂಬ ದಾಖಲಾತಿಯಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳ 20,468 ಹೃದ್ರೋಗಿಗಳ ವಿವರ ಕೂಡಿಸಿ 2008ರಲ್ಲಿ ಪ್ರಕಟಿಸಿದರು. ರೋಗಿಗಳ ಸರಾಸರಿ ವಯಸ್ಸು 57.5. ನೋವು ಕಾಣಿಸಿಕೊಂಡದ್ದಕ್ಕೂ ಆಸ್ಪತ್ರೆ ಸೇರಿದ್ದಕ್ಕೂ ನಡುವಿನ ಅಂತರ ಮಧ್ಯಮ ಲೆಕ್ಕದಲ್ಲಿ 360 ನಿಮಿಷ, ಎಂದರೆ ಆರು ಗಂಟೆ. ಆಸ್ಪತ್ರೆಯೊಳಗೆ ಹೋದ ಮೇಲೆ ರಕ್ತದ ಗಡ್ಡೆ ಕರಗಿಸುವ ಮದ್ದು ಏರಲು ಹಿಡಿದದ್ದು 50 ನಿಮಿಷ. ಪೂರ್ಣ ನಾಳ ಕಟ್ಟಿದ ದೊಡ್ಡ ಹೃದಯಾಘಾತವಾದವರಲ್ಲಿ ಶೇ. 8.6 ಮಂದಿ 30 ದಿನದೊಳಗೆ ತೀರಿಕೊಂಡಿದ್ದರು. ಬಡವರಲ್ಲಿ ಸಾವಿನ ಪ್ರಮಾಣ ಶೇ. 8.2, ಸಿರಿವಂತರಲ್ಲಿ ಶೇ. 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಈ ಅಂತರ ಅಳಿಸಿಹೋಯಿತು. ಬಡವರನ್ನು ಹೆಚ್ಚು ಕೊಂದದ್ದು ಅವರ ಹೃದಯದ ದೌರ್ಬಲ್ಯವಲ್ಲ, ಕೈಗೆಟುಕದ ಚಿಕಿತ್ಸೆ.

ಅಫ್ಜಲ್‌ಗಂಜಿನ ಪ್ರಯೋಗಕ್ಕೂ ಗೋದಾವರಿ ಹಳ್ಳಿಗಳ ಲೆಕ್ಕಕ್ಕೂ ನಡುವೆ ಇರುವುದು ಸರಿಸುಮಾರು 115 ವರ್ಷ. ಅಫ್ಜಲ್‌ಗಂಜಿನ ಕಾಲದವರ ಬಳಿ ನಿಜಾಮರ ಹಣ, ಅಂದಿನ ಶ್ರೇಷ್ಠ ತಜ್ಞ, ಬಡಿತ ಬಡಿತವನ್ನೂ ಬರೆಯುವ ಯಂತ್ರ ಎಲ್ಲವೂ ಇದ್ದವು. ಅವರು ನೂರಾರು ಪ್ರಾಣಿಗಳನ್ನು ಕೊಂದು, ಹೃದಯಕ್ಕೆ ಭಯವಿಲ್ಲ ಎಂದರು. ಗೋದಾವರಿ ಹಳ್ಳಿಗಳಿಗೆ ಹೋದ ಕಾರ್ಯಕರ್ತರ ಕೈಯಲ್ಲಿ ಇದ್ದದ್ದು ಒಂದು ನಮೂನೆ, ಒಂದು ಪೆನ್ನು. ಸತ್ತವರ ಮನೆಯ ಜಗಲಿಯಲ್ಲಿ ಕೂತು ಅವರು ಬರೆದುಕೊಂಡ ಮಾತುಗಳೇ ಹಳ್ಳಿಗಾಡಿನ ಹೃದ್ರೋಗವನ್ನು ಸರ್ಕಾರಗಳ ಮತ್ತು ವೈದ್ಯರ ಲೆಕ್ಕಕ್ಕೆ ತಂದವು.